ಸ್ಟ್ರೋಕ್ ನಂತರದ ದಾಂಪತ್ಯ: ಲೈಂಗಿಕ ಜೀವನವನ್ನು ಮತ್ತೆ ಶುರು ಮಾಡುವ ಬಗೆ

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ಯಾವ ಮಾತ್ರೆ ಎಷ್ಟು ಹೊತ್ತಿಗೆ, ವ್ಯಾಯಾಮ ಎಷ್ಟು, ಉಪ್ಪು ಎಷ್ಟು ಅಂತೆಲ್ಲ ಬರೆದಿರುತ್ತದೆ. ಗಂಡ ಹೆಂಡತಿ ಮತ್ತೆ ಒಂದಾಗುವುದು ಯಾವಾಗ ಅನ್ನುವುದು ಮಾತ್ರ ಇರುವುದಿಲ್ಲ. ಡಾಕ್ಟರು ತಾವಾಗಿ ಹೇಳುವುದಿಲ್ಲ, ಇವರು ಬಾಯಿಬಿಟ್ಟು ಕೇಳುವುದಿಲ್ಲ. ಮೊದಲು ತಾತ್ಕಾಲಿಕ ಅಂತ ಬೇರೆ ಹಾಸಿಗೆ ಹಾಕಿಕೊಂಡವರು ವರ್ಷ ಕಳೆದರೂ ಹಾಗೇ ಇರುತ್ತಾರೆ.

ಸ್ಟ್ರೋಕ್ ಆದ ಮೇಲೆ ಲೈಂಗಿಕ ಜೀವನ ನಿಂತುಹೋಗಲು ಮೆದುಳಿಗೆ ಬಿದ್ದ ಪೆಟ್ಟೊಂದೇ ಕಾರಣವಾಗಿರುವುದು ಕಡಿಮೆ. ಅದರ ಜೊತೆಗೆ ಹೆದರಿಕೆ ಇರುತ್ತದೆ, ಹೊಸದಾಗಿ ಶುರುವಾದ ಮಾತ್ರೆಗಳಿರುತ್ತವೆ, ಸುಸ್ತು ಇರುತ್ತದೆ, ಕುಗ್ಗಿದ ಮನಸ್ಸಿರುತ್ತದೆ, ಹಳೆಯ ಭಂಗಿಗಳು ಈಗಿನ ಮೈಗೆ ಒಗ್ಗದ ತೊಂದರೆ ಇರುತ್ತದೆ. ಇವು ಒಂದರ ಮೇಲೊಂದು ಕುಳಿತಿರುತ್ತವೆ. ಹಾಗಾಗಿ ಬಿಡಿಸುವುದನ್ನೂ ಇದೇ ಸರದಿಯಲ್ಲಿ ಮಾಡಬೇಕು. ಎಲ್ಲ ಬಿಟ್ಟು ನೇರವಾಗಿ ನಿಮಿರುವಿಕೆಯ ಮಾತ್ರೆಗೆ ಕೈಹಾಕುವವರೇ ಹೆಚ್ಚು. ಅವರಲ್ಲಿ ಅನೇಕರು ಬರಿಗೈಯಲ್ಲಿ ವಾಪಸಾಗುತ್ತಾರೆ, ಏಕೆಂದರೆ ತೊಡಕು ಇದ್ದದ್ದು ಬೇರೆ ಕಡೆ.

ಮೊದಲು ಹೆದರಿಕೆ

“ಆ ಹೊತ್ತಿನಲ್ಲೇ ಮತ್ತೆ ಸ್ಟ್ರೋಕ್ ಹೊಡೆದರೆ?” ಈ ಪ್ರಶ್ನೆ ರೋಗಿಗಿಂತ ಸಂಗಾತಿಯ ತಲೆಯಲ್ಲೇ ಜಾಸ್ತಿ ಕೊರೆಯುತ್ತಿರುತ್ತದೆ. ಲೆಕ್ಕ ನೋಡೋಣ. ಸುಮ್ಮನೆ ಕುಳಿತಾಗ ಮೈ ಖರ್ಚು ಮಾಡುವ ಶಕ್ತಿಯ ಮೂರರಿಂದ ಐದು ಪಟ್ಟು ಸಂಭೋಗಕ್ಕೆ ಬೇಕಾಗುತ್ತದೆ. ಎರಡು ಅಂತಸ್ತಿನ ಮೆಟ್ಟಿಲನ್ನು ಸ್ವಲ್ಪ ಬಿರುಸಾಗಿ ಹತ್ತಿದಷ್ಟು, ಅಷ್ಟೇ. ಬಿಪಿ ಸರಿಯಿರುವವರಲ್ಲಿ ನಾಡಿಬಡಿತ 130 ದಾಟುವುದು, ಮೇಲಿನ ಬಿಪಿ 170 ದಾಟುವುದು ಅಪರೂಪ. ಏರಿಕೆ ಹೆಚ್ಚಿರುವುದು ಪರಾಕಾಷ್ಠೆಯ 10-15 ಸೆಕೆಂಡು ಮಾತ್ರ, ಆಮೇಲೆ ಎರಡು ಮೂರು ನಿಮಿಷದಲ್ಲಿ ಎಲ್ಲ ಇಳಿದು ಮೊದಲಿನಂತಾಗುತ್ತದೆ.

ಕಾಲಿಗೆ ಬಲವಿಲ್ಲದವರು ಮೆಟ್ಟಿಲು ಹತ್ತಿ ಪರೀಕ್ಷಿಸಿಕೊಳ್ಳಲು ಆಗುವುದಿಲ್ಲ ನಿಜ. ಅಂಥವರು ಫಿಸಿಯೋಥೆರಪಿಯಲ್ಲಿ ಸೈಕಲ್ ತುಳಿಯುವಾಗಲೋ ನಡೆಯುವ ಅಭ್ಯಾಸ ಮಾಡುವಾಗಲೋ ಗಮನಿಸಲಿ. ಎದೆನೋವು, ತಲೆಸುತ್ತು, ಮಾತಾಡಲಾಗದಷ್ಟು ಏದುಸಿರು ಇಲ್ಲದೆ ಒಂದಿಷ್ಟು ಬೆವರು ಬರುವವರೆಗೆ ಮಾಡಬಲ್ಲರಾದರೆ ಹೃದಯ ಈ ಕೆಲಸಕ್ಕೂ ತಯಾರಾಗಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಹೃದಯದ ತೊಂದರೆಯೂ ಜೊತೆಗಿದ್ದು ಅನುಮಾನ ಉಳಿದರೆ ಟ್ರೆಡ್‌ಮಿಲ್ ಪರೀಕ್ಷೆಯಿಂದ ಉತ್ತರ ಸಿಗುತ್ತದೆ.

ಎಷ್ಟು ವಾರ ಕಾಯಬೇಕು ಅನ್ನುವುದಕ್ಕೆ ಎಲ್ಲರಿಗೂ ಹೊಂದುವ ಒಂದು ಅಂಕಿ ಇಲ್ಲ. ಬಿಪಿ ಹಿಡಿತಕ್ಕೆ ಬಂದು, ಸ್ಥಿತಿ ಸ್ಥಿರವಾಗಿ, ಡಾಕ್ಟರು ಸರಿ ಎಂದ ಮೇಲೆ ಶುರು ಮಾಡಬಹುದು. ರಕ್ತನಾಳ ಒಡೆದು ಆದ ಸ್ಟ್ರೋಕ್‌ನಲ್ಲಿ ಮಾತ್ರ ಇನ್ನೂ ಎಚ್ಚರ ಬೇಕು. ಮೆದುಳಿನ ರಕ್ತನಾಳದಲ್ಲಿ ಉಬ್ಬು ಇದ್ದು ಅದು ಒಡೆಯದಂತೆ ಕ್ಲಿಪ್ ಅಥವಾ ಕಾಯಿಲ್ (ಸಣ್ಣ ತಂತಿಸುರುಳಿ) ಹಾಕಿಸುವುದು ಬಾಕಿಯಿದ್ದರೆ, ಆ ಚಿಕಿತ್ಸೆ ಮುಗಿದು ನರತಜ್ಞರು ಒಪ್ಪುವವರೆಗೆ ಸಂಭೋಗ ಬೇಡ. ತಬ್ಬಿಕೊಳ್ಳುವುದಕ್ಕೆ, ಕೈಹಿಡಿದು ಮಲಗುವುದಕ್ಕೆ ಯಾವ ವಾರದ ಲೆಕ್ಕವೂ ಇಲ್ಲ, ಆಸ್ಪತ್ರೆಯಲ್ಲಿದ್ದಾಗಲೇ ಅದು ಆಗಬೇಕು.

ಇನ್ನೊಂದು: ಬಿಪಿಯನ್ನು ಥಟ್ಟನೆ ಏರಿಸುವುದು ಉಸಿರು ಬಿಗಿಹಿಡಿದು ಮುಕ್ಕುವುದು. ಮಲಬದ್ಧತೆಯಲ್ಲಿ ತಿಣುಕುವಾಗ ಆಗುವುದೂ ಇದೇ. ಬಾಯಿ ತುಸು ತೆರೆದು ಉಸಿರು ಹೊರಬಿಡುತ್ತಿರಿ, ಎರಡು ಮಾತಾಡುತ್ತಿರಿ. ಮಾತಾಡುವವರಿಗೆ ಉಸಿರು ಕಟ್ಟಲಾಗುವುದಿಲ್ಲ.

ಡಾಕ್ಟರ ಹತ್ತಿರ ಏನು, ಹೇಗೆ ಕೇಳುವುದು

ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು ಕೇಳಿದರೆ “ಆಗಬಹುದು, ಆಗಬಹುದು” ಅನ್ನುವ ಅರ್ಧ ಉತ್ತರವೇ ಸಿಗುವುದು. ಭೇಟಿಯ ಆರಂಭದಲ್ಲೇ “ಇವತ್ತು ಎರಡು ವಿಷಯ ಇದೆ, ಒಂದು ನಮ್ಮ ದಾಂಪತ್ಯಕ್ಕೆ ಸಂಬಂಧಿಸಿದ್ದು” ಎಂದುಬಿಡಿ. ಹೇಳಲು ಮುಜುಗರವೆನಿಸಿದರೆ ಚೀಟಿಯಲ್ಲಿ ಬರೆದು ಮುಂದಿಡಿ. ಅದರಲ್ಲಿ ಇವಿಷ್ಟು ಇರಲಿ: ನನ್ನದು ರಕ್ತ ಹೆಪ್ಪುಗಟ್ಟಿ ಆದದ್ದೋ, ರಕ್ತಸ್ರಾವದ್ದೋ? ಸಂಭೋಗಕ್ಕೆ ಅಡ್ಡಿ ಇದೆಯೇ? ಬಿಪಿ ಎಷ್ಟಕ್ಕಿಂತ ಕೆಳಗಿದ್ದಾಗ ಸರಿ? ಈ ಮಾತ್ರೆಗಳಲ್ಲಿ ಆಸೆಯನ್ನೋ ನಿಮಿರುವಿಕೆಯನ್ನೋ ಕುಗ್ಗಿಸುವುದು ಯಾವುದಾದರೂ ಇದೆಯೇ? ಸ್ಟ್ರೋಕ್‌ಗಿಂತ ಮುಂಚೆ ಹೇಗಿತ್ತು, ಈಗ ಏನು ಬದಲಾಗಿದೆ ಅನ್ನುವುದನ್ನು ಎರಡು ಸಾಲಲ್ಲಿ ಸೇರಿಸಿ. ಇದು ಬಹಳ ಮುಖ್ಯ, ಏಕೆಂದರೆ ಬಿಪಿ, ಶುಗರ್, ಬೀಡಿ ಸಿಗರೇಟು ಮೆದುಳಿನ ರಕ್ತನಾಳವನ್ನು ಕೆಡಿಸಿದಂತೆಯೇ ಶಿಶ್ನದ ರಕ್ತನಾಳವನ್ನೂ ಕೆಡಿಸಿರುತ್ತವೆ. ನಿಮಿರುವಿಕೆಯ ತೊಂದರೆ ಸ್ಟ್ರೋಕ್‌ಗಿಂತ ಮೊದಲೇ ಶುರುವಾಗಿದ್ದು, ಈಗ ಅದರ ತಲೆಗೆ ಕಟ್ಟಿರುವುದೂ ಉಂಟು.

ನಸುಕಿನಲ್ಲಿ ಎಚ್ಚರವಾದಾಗ ತಾನಾಗಿ ನಿಮಿರುವಿಕೆ ಇರುತ್ತದೆಯೇ ಎಂಬುದನ್ನೂ ಗಮನಿಸಿ ಹೇಳಿ. ಆಗ ಇದ್ದು ಸಂಗಾತಿಯ ಜೊತೆ ಇಲ್ಲವಾದರೆ ನರ, ರಕ್ತನಾಳ ಹೆಚ್ಚೂ ಕಡಿಮೆ ಸರಿಯಿವೆ, ಆತಂಕ ಅಡ್ಡ ಬರುತ್ತಿದೆ ಎಂಬ ಸುಳಿವದು.

ಮಾತ್ರೆಗಳ ಚೀಟಿಯನ್ನು ಬಿಡಿಸಿ ನೋಡಿ

ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಶುರುವಾದ ತಿಂಗಳು ಬರೆಯಿರಿ. ಪಕ್ಕದಲ್ಲಿ ಆಸೆ ಅಥವಾ ನಿಮಿರುವಿಕೆ ಕಡಿಮೆಯಾದದ್ದು ಯಾವಾಗಿನಿಂದ ಅನ್ನುವುದನ್ನು ಬರೆಯಿರಿ. ತಾರೀಖುಗಳು ತಾಳೆಯಾದರೆ ಅರ್ಧ ಕೆಲಸ ಮುಗಿಯಿತು.

ಬಿಪಿ ಮಾತ್ರೆಗಳಲ್ಲಿ ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ನಂಥವು, ಮೂತ್ರ ಹೆಚ್ಚಿಸುವ ಹೈಡ್ರೊಕ್ಲೊರೊಥಯಜೈಡ್, ಕ್ಲೋರ್‌ಥಾಲಿಡೋನ್, ಸ್ಪೈರೊನೊಲ್ಯಾಕ್ಟೋನ್ ಕೆಲವರಲ್ಲಿ ನಿಮಿರುವಿಕೆಯನ್ನು ಕುಗ್ಗಿಸುತ್ತವೆ. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಗುಂಪಿನಲ್ಲಿ ಈ ಕಾಟ ಕಡಿಮೆ. ಖಿನ್ನತೆಗೆ ಕೊಡುವ ಸರ್ಟ್ರಲೀನ್, ಫ್ಲುಯೊಕ್ಸೆಟೀನ್, ಪ್ಯಾರಾಕ್ಸೆಟೀನ್, ಎಸಿಟಲೊಪ್ರಾಂ ಗಂಡಸರಲ್ಲೂ ಹೆಂಗಸರಲ್ಲೂ ಆಸೆಯನ್ನು ಕುಂದಿಸಬಹುದು, ಪರಾಕಾಷ್ಠೆಯನ್ನು ತಡಮಾಡಬಹುದು, ಇಲ್ಲವೇ ಬಾರದಂತೆಯೇ ಮಾಡಬಹುದು. ಸ್ನಾಯುಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್, ನರನೋವಿನ ಪ್ರಿಗ್ಯಾಬಲಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್ ಕೂಡ ಈ ಪಟ್ಟಿಯಲ್ಲಿವೆ.

ಇದನ್ನು ಓದಿದ ಕೂಡಲೇ ಜನ ಮಾಡುವ ತಪ್ಪು ಮಾತ್ರೆಯನ್ನು ತಾವೇ ಬಿಟ್ಟುಬಿಡುವುದು. ಬೇಡವೇ ಬೇಡ. ಅಟೆನೊಲಾಲ್‌ನಂಥದ್ದನ್ನು ದಿಢೀರ್ ನಿಲ್ಲಿಸಿದರೆ ಬಿಪಿ, ಎದೆಬಡಿತ ನೆಗೆಯುತ್ತವೆ. ಬ್ಯಾಕ್ಲೊಫೆನ್ ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟರಂತೂ ಎರಡನೇ ಸ್ಟ್ರೋಕ್‌ಗೆ ನೀವೇ ಬಾಗಿಲು ತೆರೆದಂತೆ. ಡಾಕ್ಟರಿಗೆ ತೋರಿಸಿ ಬದಲಿ ಕೇಳಿ, ಪ್ರಮಾಣ ಇಳಿಸಬಹುದೇ ಕೇಳಿ, ತೆಗೆದುಕೊಳ್ಳುವ ಹೊತ್ತು ಬದಲಿಸಬಹುದೇ ಕೇಳಿ. ಖಿನ್ನತೆಗೆ ಮಿರ್ಟಜಪೀನ್, ಬ್ಯುಪ್ರೊಪಿಯಾನ್‌ಗಳಲ್ಲಿ ಲೈಂಗಿಕ ತೊಂದರೆ ಕಡಿಮೆ, ಆದರೆ ಬ್ಯುಪ್ರೊಪಿಯಾನ್ ಫಿಟ್ಸ್ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಸ್ಟ್ರೋಕ್ ನಂತರ ಫಿಟ್ಸ್ ಬಂದವರಿಗೆ ಹೊಂದುವುದಿಲ್ಲ. ಹೀಗಿರುವುದರಿಂದಲೇ ಆಯ್ಕೆ ಅವರಿಗೆ ಬಿಡಬೇಕು.

ಖಿನ್ನತೆಯ ಮಾತು ಬಂದಿತಲ್ಲ. ಸ್ಟ್ರೋಕ್ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಅದು ಕಾಡುತ್ತದೆ. ಆಸೆಯಿಲ್ಲ ಅನ್ನುವ ದೂರಿನ ಜೊತೆಗೆ ನಿದ್ದೆ ಕೆಟ್ಟಿದ್ದು, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ದಾಟಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಲಿ. ಮಾತ್ರೆಯ ಅಡ್ಡಪರಿಣಾಮಕ್ಕೆ ಹೆದರಿ ಖಿನ್ನತೆಯನ್ನು ಹಾಗೇ ಬಿಟ್ಟರೆ ಆಸೆಯೂ ಬರುವುದಿಲ್ಲ, ಕೈಕಾಲಿನ ಚೇತರಿಕೆಯೂ ಕುಂಟುತ್ತದೆ.

ಹೊತ್ತು, ಕೋಣೆ, ಮಂಚ

ಸ್ಟ್ರೋಕ್ ನಂತರದ ಸುಸ್ತು ನಿದ್ದೆಗೆಟ್ಟವರ ಸುಸ್ತಿನಂತಲ್ಲ. ಎಣ್ಣೆ ತೀರಿದ ದೀಪದ ಹಾಗೆ ಇದ್ದಕ್ಕಿದ್ದಂತೆ ಆರಿಹೋಗುತ್ತದೆ. ರಾತ್ರಿ ಎಲ್ಲ ಕೆಲಸ ಮುಗಿಸಿ ಮಲಗುವ ಹೊತ್ತು, ಇದಕ್ಕೆ ಅತ್ಯಂತ ಕೆಟ್ಟ ಹೊತ್ತು. ನಿದ್ದೆ ಮುಗಿಸಿ ಎದ್ದ ಬೆಳಗ್ಗೆ, ಇಲ್ಲವೇ ಮಧ್ಯಾಹ್ನ ಮಲಗಿ ಎದ್ದ ಮೇಲೆ ಪ್ರಯತ್ನಿಸಿ. ಹೊಟ್ಟೆ ತುಂಬ ಉಂಡಿದ್ದರೆ ಎರಡು ಗಂಟೆಯಾದರೂ ಬಿಡಿ. ಮದ್ಯ ಬೇಡ, ಅದು ಬಿಪಿಗೂ ನಿಮಿರುವಿಕೆಗೂ ಸಮತೋಲನಕ್ಕೂ ಒಟ್ಟೊಟ್ಟಿಗೆ ಕೈಕೊಡುತ್ತದೆ. ಬಿಗಿತಕ್ಕೆ ಬ್ಯಾಕ್ಲೊಫೆನ್ ತೆಗೆದುಕೊಳ್ಳುವವರು ಅದರ ಪ್ರಭಾವ ಚೆನ್ನಾಗಿರುವ, ಆದರೆ ತೂಕಡಿಕೆ ಇಲ್ಲದ ಹೊತ್ತು ಯಾವುದೆಂದು ಒಂದು ವಾರ ಗಮನಿಸಿ ಗುರುತಿಟ್ಟುಕೊಳ್ಳಲಿ. ಬಿಗಿತಕ್ಕೆ ಬೊಟುಲಿನಂ ಚುಚ್ಚುಮದ್ದು ಹಾಕಿಸಿಕೊಂಡವರಿಗೆ ಅದರ ಫಲ ಸುಮಾರು ಮೂರು ತಿಂಗಳು ಇರುತ್ತದೆ. ತೊಡೆಯ ಒಳಸ್ನಾಯುವಿನ ಬಿಗಿತದಿಂದ ಕಾಲು ಅಗಲಿಸಲು ಆಗುತ್ತಿಲ್ಲವೆಂದು ಡಾಕ್ಟರಿಗೆ ಹೇಳಿದರೆ ಅಲ್ಲಿಗೂ ಹಾಕುತ್ತಾರೆ. ಹೇಳದಿದ್ದರೆ ಅವರು ಕೈ ಬೆರಳಿನ ಬಿಗಿತ ಮಾತ್ರ ನೋಡಿ ಕಳಿಸುತ್ತಾರೆ.

ಮಂಚದ ಎತ್ತರ ಹೀಗಿರಬೇಕು: ಅಂಚಿನಲ್ಲಿ ಕೂತರೆ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಮಂಡಿ ಲಂಬಕೋನದಲ್ಲಿ ಮಡಚಿರಬೇಕು. ತೀರ ಮೆತ್ತನೆ ಹಾಸಿಗೆಯಲ್ಲಿ ಮೈ ಹೂತುಹೋಗಿ ಮಗ್ಗುಲಾಗಲು ಆಗುವುದಿಲ್ಲ. ಬೇಕಾದದ್ದು ನಾಲ್ಕು ದಿಂಬು, ಒಂದು ಟವೆಲ್, ಜೆಲ್, ನೀರು. ಎಲ್ಲವೂ ಬಲವಿರುವ ಕೈಗೆ ಎಟಕುವ ಕಡೆ, ಮತ್ತು ಕಣ್ಣು ಕಾಣುವ ಕಡೆ. ಸ್ಟ್ರೋಕ್‌ನಿಂದ ಒಂದು ಪಕ್ಕದ ನೋಟ ಹೋಗಿದ್ದರೆ, ಅಥವಾ ಆ ಪಕ್ಕದ ಪರಿವೆಯೇ ಇಲ್ಲದಿದ್ದರೆ, ಸಂಗಾತಿ ಆ ಕಡೆಯಿಂದ ಬಂದು ಮುಟ್ಟಿದಾಗ ಬೆಚ್ಚಿಬೀಳುತ್ತಾರೆ. ಅದನ್ನು ನಿರಾಕರಣೆ ಅಂತ ತಿಳಿದು ನೊಂದುಕೊಂಡವರಿದ್ದಾರೆ. ಕಾಣುವ ಪಕ್ಕದಿಂದ ಬನ್ನಿ, ಮುಟ್ಟುವ ಮೊದಲು ಮಾತಾಡಿಸಿ.

ಭುಜ, ದಿಂಬು, ಭಂಗಿ

ಒಂದು ನಿಯಮವನ್ನು ಮೊದಲೇ ಹೇಳಿಬಿಡಬೇಕು: ಸ್ವಾಧೀನ ತಪ್ಪಿದ ಕೈಯನ್ನು ಹಿಡಿದು ಎಳೆಯಬಾರದು. ಮಗ್ಗುಲು ಮಾಡಲಿಕ್ಕೂ ಬೇಡ, ತಬ್ಬಿಕೊಳ್ಳಲು ಹತ್ತಿರ ಎಳೆದುಕೊಳ್ಳಲಿಕ್ಕೂ ಬೇಡ. ಸುತ್ತಲಿನ ಸ್ನಾಯುಗಳು ಸಡಿಲವಾಗಿರುವಾಗ ಭುಜದ ಕೀಲು ಕೆಳಕ್ಕೆ ಜಾರಿರುತ್ತದೆ, ಒಂದು ಎಳೆತಕ್ಕೆ ತಿಂಗಳುಗಟ್ಟಲೆ ನೋವು ಬಂದು ಕೂರುತ್ತದೆ.

ಪಕ್ಕಕ್ಕೆ ಮಲಗಿ ಕೂಡುವುದು ಶುರುವಿಗೆ ಅತ್ಯಂತ ಸುಲಭ. ಸ್ವಾಧೀನವಿಲ್ಲದ ಮಗ್ಗುಲನ್ನು ಕೆಳಗೆ ಹಾಕಿ ಮಲಗಿದರೆ ಬಲವಿರುವ ಕೈ ಮೇಲಿರುತ್ತದೆ, ಸಂಗಾತಿಯನ್ನು ಮುಟ್ಟಲು ಬಿಡುವಾಗಿರುತ್ತದೆ. ಆದರೆ ಭುಜದ ಮೇಲೆ ನೇರ ಭಾರ ಬೀಳಬಾರದು. ಇದಕ್ಕೆ ಸಂಗಾತಿ ತನ್ನ ಅಂಗೈಯನ್ನು ರೋಗಿಯ ಬೆನ್ನ ಕಡೆಯಿಂದ ಭುಜದ ಹಲಗೆಯ ಕೆಳಗೆ ತೂರಿಸಿ, ಇಡೀ ಹಲಗೆಯನ್ನು ಮೆಲ್ಲನೆ ಮುಂದಕ್ಕೆ ಜಾರಿಸಬೇಕು. ಆಗ ಭಾರ ಭುಜದ ತುದಿಯಿಂದ ಬೆನ್ನಿನ ಪಕ್ಕಕ್ಕೆ ಸರಿಯುತ್ತದೆ. ತೋಳು ಮುಂದಕ್ಕೆ ಚಾಚಿ ಅಂಗೈ ಮೇಲ್ಮುಖವಾಗಿರಲಿ. ಒಂದು ದಿಂಬು ತಲೆಗೆ, ಒಂದನ್ನು ಉದ್ದಕ್ಕೆ ಮಡಚಿ ಬೆನ್ನ ಹಿಂದೆ ಒತ್ತಿಡಿ, ಹಿಂದಕ್ಕೆ ಉರುಳುವ ಭಯ ಹೋಗುತ್ತದೆ. ಮೂರನೆಯದು ಮೇಲಿನ ಕಾಲಿನ ಮಂಡಿಯ ಕೆಳಗೆ. ಭುಜ ನೋಯುತ್ತಿದ್ದರೆ ಇದು ಬೇಡ. ಬಲವಿರುವ ಮಗ್ಗುಲಿಗೆ ಮಲಗಿ, ಸ್ವಾಧೀನವಿಲ್ಲದ ತೋಳನ್ನು ಎದೆಯ ಮುಂದೆ ದಿಂಬಿನ ಮೇಲೆ ಮಲಗಿಸಿ. ಬಲವಿರುವ ಕೈ ಅಡಿಗೆ ಸಿಕ್ಕಿಕೊಂಡರೂ ಮೊಣಕೈಯಿಂದ ಮುಂದೆ ಆಡುತ್ತದೆ, ಅಷ್ಟು ಸಾಕು. ಎದುರುಬದುರಾಗಿ ಮಲಗುವುದಕ್ಕಿಂತ, ಇಬ್ಬರೂ ಒಂದೇ ಕಡೆ ಮುಖಮಾಡಿ ಒಬ್ಬರ ಹಿಂದೊಬ್ಬರು ಮಲಗಿದಾಗ ಸೊಂಟದ ಚಲನೆ ಕಡಿಮೆ ಸಾಕಾಗುತ್ತದೆ.

ಎರಡನೆಯ ಬಗೆ, ಸ್ಟ್ರೋಕ್ ಆದವರು ಅಂಗಾತ ಮಲಗಿ ಸಂಗಾತಿ ಮೇಲೆ ಬರುವುದು. ಸ್ವಾಧೀನವಿಲ್ಲದ ಭುಜ, ತೋಳಿನ ಅಡಿಗೆ ಒಂದು ದಿಂಬು, ಮಂಡಿಗಳ ಅಡಿಗೆ ಇನ್ನೊಂದು. ಮಂಡಿಯ ಕೆಳಗಿನ ದಿಂಬಿಗೆ ಕಾರಣವಿದೆ: ಕಾಲು ಚಾಚಿದಷ್ಟೂ ಬಿಗಿತ ಜೋರಾಗಿ ಕೋಲಿನಂತಾಗುತ್ತದೆ, ಸೊಂಟ ಮತ್ತು ಮಂಡಿ ತುಸು ಮಡಚಿದ್ದರೆ ಸಡಿಲವಾಗುತ್ತದೆ. ನಡುವೆ ಕಾಲು ಸೆಟೆದರೆ ಗಾಬರಿಯಾಗಿ ಒತ್ತಿ ಹಿಡಿಯಬೇಡಿ. ಆಟ ನಿಲ್ಲಿಸಿ, ಮಂಡಿಯ ಕೆಳಗೆ ಕೈಕೊಟ್ಟು ನಿಧಾನ ಮಡಚಿ, ಅರ್ಧ ನಿಮಿಷ ಹಾಗೇ ಹಿಡಿದರೆ ಬಿಡುತ್ತದೆ. ಆ ಪಾದದ ಮುಂಭಾಗ ಮಂಚದ ಹಲಗೆಗೆ ಒತ್ತದಂತೆ ನೋಡಿಕೊಳ್ಳಿ, ಒತ್ತಿದರೆ ಕಾಲು ಪಟಪಟ ನಡುಗಲು ಶುರುವಾಗುತ್ತದೆ.

ಮೂರನೆಯದು ಕುರ್ಚಿ. ಚಕ್ರವಿಲ್ಲದ, ಕೈಯಿಲ್ಲದ ಗಟ್ಟಿ ಕುರ್ಚಿಯ ಬೆನ್ನನ್ನು ಗೋಡೆಗೆ ತಾಗಿಸಿಡಿ. ಸ್ಟ್ರೋಕ್ ಆದವರು ಕೂತು ಪಾದವೆರಡನ್ನೂ ನೆಲಕ್ಕೂರಿ, ಸಂಗಾತಿ ತೊಡೆಯ ಮೇಲೆ ಕೂರುವುದು. ಕೂತಾಗ ಸಮತೋಲನ ಇನ್ನೂ ಸರಿಯಿಲ್ಲದವರಿಗೆ ಇದು ಬೇಡ. ಗಾಲಿಕುರ್ಚಿಯಲ್ಲಾದರೆ ಬ್ರೇಕ್ ಹಾಕಿದ್ದನ್ನು ಇಬ್ಬರೂ ನೋಡಿ. ಗಂಡಸು ಮೇಲಿದ್ದು ಮಾಡುವ ಹಳೆಯ ಭಂಗಿಗೆ ಎರಡೂ ತೋಳಿನ ಬಲ ಬೇಕು. ಅದಕ್ಕೇ ಪಟ್ಟು ಹಿಡಿಯುವವರು ಒಂದು ಪಕ್ಕಕ್ಕೆ ಕುಸಿಯುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ, ಕೊನೆಗೆ ನನ್ನಿಂದಾಗದು ಎಂದು ಕೈಬಿಡುತ್ತಾರೆ. ಆಗದಿರುವುದು ಆ ಭಂಗಿ, ಅಷ್ಟೇ.

ಇವನ್ನು ಮೊದಲ ಸಲ ಬಟ್ಟೆ ಹಾಕಿಕೊಂಡೇ, ಹಗಲು ಹೊತ್ತಿನಲ್ಲಿ, ದಿಂಬು ಜೋಡಿಸಿ ನೋಡಿ. ನಗು ಬರುತ್ತದೆ, ಬರಲಿ. ಎಲ್ಲಿ ಒತ್ತುತ್ತದೆ, ಎಲ್ಲಿ ಜಾರುತ್ತದೆ ಆಗಲೇ ಗೊತ್ತಾಗುತ್ತದೆ.

ಮುಟ್ಟುವುದನ್ನು ಹೊಸದಾಗಿ ಕಲಿಯುವುದು

ಅರ್ಧ ಮೈಯಲ್ಲಿ ಸ್ಪರ್ಶ ಮಂಕಾಗಿರಬಹುದು. ಕೆಲವರಿಗೆ ಇದಕ್ಕೆ ತಿರುಗಾಮುರುಗ: ಮೆಲ್ಲನೆ ಸವರಿದರೂ ಉರಿ, ಚುಚ್ಚು. ಮೆದುಳಿನ ಒಳಗಿನ ನರಜಾಲಕ್ಕೆ ಪೆಟ್ಟಾದಾಗ ಬರುವ ನೋವಿದು. ಇಂಥವರಿಗೆ ಹಗುರವಾಗಿ ಸವರುವುದಕ್ಕಿಂತ ಅಂಗೈಯನ್ನು ಪೂರ್ತಿ ಊರಿ ಒಂದೇ ಕಡೆ ಒತ್ತಿಡುವುದು ಸಹ್ಯವಾಗುವುದುಂಟು. ಊಹೆ ಮಾಡುವ ಬದಲು ನಕ್ಷೆ ಮಾಡಿಕೊಳ್ಳಿ. ಕಣ್ಣು ಮುಚ್ಚಿ ಮಲಗಿರುವಾಗ ಸಂಗಾತಿ ತಲೆಯಿಂದ ಪಾದದವರೆಗೆ ಅಂಗೈ ಅಗಲದಷ್ಟು ಜಾಗ ಮುಟ್ಟುತ್ತ ಹೋಗಲಿ. ಪ್ರತಿ ಸಲ ಮೂರರಲ್ಲಿ ಒಂದು ಉತ್ತರ: ಹಿತ, ಏನೂ ಇಲ್ಲ, ಬೇಡ. ಕುತ್ತಿಗೆ, ಕಿವಿಯ ಹಿಂದೆ, ಒಳತೋಳು, ಹೊಟ್ಟೆ ಯಾವುದನ್ನೂ ಬಿಡಬೇಡಿ. ಮರಗಟ್ಟಿದ ಕಡೆ ಬಿಸಿ, ಉಜ್ಜಿದ ಗಾಯ ಗೊತ್ತಾಗುವುದಿಲ್ಲ, ಅಲ್ಲಿ ಆಮೇಲೆ ಒಮ್ಮೆ ಕಣ್ಣಾಡಿಸಿ.

ಆಮೇಲಿನ ಹಂತಗಳಿಗೆ 1970ರಲ್ಲಿ ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ ಪ್ರಚಾರಕ್ಕೆ ತಂದ ಸ್ಪರ್ಶಾಭ್ಯಾಸವೇ ಇಂದಿಗೂ ಆಧಾರ. ಮೊದಲ ವಾರ ಎರಡು ಮೂರು ಸಲ, ತಲಾ 15-20 ನಿಮಿಷ, ಸ್ತನ ಮತ್ತು ಜನನಾಂಗ ಬಿಟ್ಟು ಉಳಿದ ಮೈಯನ್ನು ಸರದಿಯಲ್ಲಿ ಮುಟ್ಟುವುದು. ಸಂಭೋಗ ಮಾಡುವುದಿಲ್ಲ ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು. ಆತಂಕ ಇಳಿಯುವ ಗುಟ್ಟು ಈ ಒಪ್ಪಂದದಲ್ಲೇ ಇದೆ. ಎರಡನೆಯ ವಾರ ಆ ಭಾಗಗಳೂ ಸೇರಲಿ, ಪರಾಕಾಷ್ಠೆಯ ಗುರಿ ಬೇಡ. ಮೂರನೆಯದರಲ್ಲಿ ಒಳಸೇರಿಸಿ ಅಲುಗಾಡದೆ ಇರುವುದು, ಆಮೇಲೆ ಚಲನೆ. ವಾರ ಅನ್ನುವುದು ಬರೀ ಅಂದಾಜು, ಒಂದೇ ಹಂತದಲ್ಲಿ ತಿಂಗಳು ನಿಂತರೂ ನಷ್ಟವಿಲ್ಲ. ಎರಡನೆಯ ಹಂತದಲ್ಲೇ ಉಳಿದು ಕೈಯಿಂದ, ಬಾಯಿಂದ ಸುಖ ಕೊಟ್ಟುಕೊಳ್ಳುವವರ ದಾಂಪತ್ಯ ಅರೆಬರೆಯದೇನಲ್ಲ.

ಬಾಯಿ ಒಂದು ಪಕ್ಕ ವಾಲಿ ಜೊಲ್ಲು ಜಾರುವವರು ಮುತ್ತಿಡಲು ನಾಚುತ್ತಾರೆ. ಮೊದಲೇ ಬಾಯಿ ಮುಕ್ಕಳಿಸಿ, ಬಲವಿಲ್ಲದ ಕೆನ್ನೆಯೊಳಗೆ ಉಳಿದ ಅಗುಳನ್ನು ಬೆರಳಿಂದ ತೆಗೆದು, ಟವೆಲ್ ಪಕ್ಕದಲ್ಲಿಟ್ಟುಕೊಂಡರೆ ಮುಗಿಯಿತು.

ಮಾತು ಹೋದವರ ಜೊತೆ

ಮಾತು ಹೋಗಿದೆ ಅಂದರೆ ಬುದ್ಧಿ ಹೋಗಿದೆ ಅಂತಲ್ಲ. ಆದರೆ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳುವ ಕೆಲಸ ಸಂಗಾತಿಯ ಮೇಲೆ ಹೆಚ್ಚು ಬೀಳುತ್ತದೆ, ಏಕೆಂದರೆ ಇಂಥವರಲ್ಲಿ “ಹೌದು”, “ಇಲ್ಲ” ಅದಲುಬದಲಾಗಿ ಬರುವುದುಂಟು. ಬೇಡ ಎನ್ನಲು ಹೋಗಿ ಹೂಂ ಅಂದಿರುತ್ತಾರೆ.

ಐದು ಕಾರ್ಡ್ ಮಾಡಿಕೊಳ್ಳಿ: ಬೇಕು, ಬೇಡ, ನಿಧಾನ, ನೋವು, ನಿಲ್ಲಿಸು. ಪ್ರತಿಯೊಂದರಲ್ಲಿ ದೊಡ್ಡಕ್ಷರದ ಪದ, ಕೆಳಗೆ ಸರಳ ಚಿತ್ರ. ಎಡಬಲಕ್ಕೆ ಸಾಲಾಗಿ ಹರಡಿದರೆ ಒಂದು ಪಕ್ಕದ ನೋಟ ಹೋದವರಿಗೆ ಅರ್ಧ ಕಾರ್ಡ್‌ಗಳು ಕಾಣುವುದೇ ಇಲ್ಲ. ಮೇಲಿಂದ ಕೆಳಕ್ಕೆ, ಕಾಣುವ ಕಡೆ ಜೋಡಿಸಿ. ಪ್ರಶ್ನೆ ಒಂದು ಸಲಕ್ಕೆ ಒಂದೇ. “ಇವತ್ತು ಬೇಡ್ವಾ ಅಥವಾ ಸುಸ್ತಾಗಿದೆಯಾ?” ಅಂದರೆ ಹೌದು ಎಂಬುದಕ್ಕೆ ಅರ್ಥವೇ ಇಲ್ಲ. “ನನ್ನ ಪಕ್ಕ ಮಲಗ್ತೀರಾ?” ಎಂದು ಕೇಳಿ, ಟಿವಿ ಆರಿಸಿ, ಹತ್ತು ಸೆಕೆಂಡು ಸುಮ್ಮನೆ ಕಾಯಿರಿ. ಕಾಯುವುದು ಕಷ್ಟ, ಬಾಯಿ ತುಡಿಯುತ್ತದೆ, ಆದರೂ ಕಾಯಿರಿ. ಉತ್ತರ ಬಂದ ಮೇಲೆ ಪ್ರಶ್ನೆಯನ್ನು ತಿರುಗಿಸಿ ಕೇಳಿ: “ಹಾಗಾದ್ರೆ ಬೇಡ, ಅಲ್ವಾ?” ಎರಡೂ ಉತ್ತರದ ಅರ್ಥ ಒಂದೇ ಆಗಿರಬೇಕು, ಮುಖ, ಮೈ ಅದಕ್ಕೆ ತಾಳೆಯಾಗಬೇಕು. ಆಗದಿದ್ದರೆ ಆ ದಿನಕ್ಕೆ ಬೇಡ ಎಂದೇ ಅರ್ಥ. ಕೂಡುವಾಗ ಕಾರ್ಡ್ ತೋರಿಸಲಾಗದು, ಹಾಗಾಗಿ ಬಲವಿರುವ ಕೈಯಿಂದ ಎರಡು ಸಲ ತಟ್ಟಿದರೆ ತಕ್ಷಣ ನಿಲ್ಲಿಸುವುದು ಎಂದು ಮೊದಲೇ ಅಭ್ಯಾಸ ಮಾಡಿಕೊಳ್ಳಿ.

ತಿಳಿವಳಿಕೆಯೇ ಮಸುಕಾಗಿದ್ದು, ಏನು ನಡೆಯುತ್ತಿದೆ ಎಂಬುದು ರೋಗಿಗೆ ಗೊತ್ತಾಗದ ಸ್ಥಿತಿಯಿದ್ದರೆ ಮದುವೆಯಾದವರ ನಡುವೆಯೂ ಸಂಭೋಗ ಸಲ್ಲದು. ಇನ್ನು ಕೆಲವರಲ್ಲಿ ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿ ಲಂಗುಲಗಾಮಿಲ್ಲದ ನಡವಳಿಕೆ ಬರುತ್ತದೆ: ಎಲ್ಲರ ಮುಂದೆ ಕೈಹಾಕುವುದು, ಅಶ್ಲೀಲ ಮಾತು, ಪದೇಪದೇ ಒತ್ತಾಯ. ಇದು ಕೊಬ್ಬಲ್ಲ, ರೋಗಲಕ್ಷಣ. ಹಾಗಂತ ಸಂಗಾತಿ ಸಹಿಸಿಕೊಂಡಿರಬೇಕಿಲ್ಲ. ಚಿಕ್ಕ ಮಾತಿನಲ್ಲಿ, ಏರದ ದನಿಯಲ್ಲಿ “ಇಲ್ಲ, ಈಗ ಬೇಡ” ಎಂದು ಕೈ ಸರಿಸಿ, ಗಮನ ಬೇರೆಡೆ ತಿರುಗಿಸಿ, ನರತಜ್ಞರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ. ಇದಕ್ಕೆ ಚಿಕಿತ್ಸೆ ಇದೆ.

ನಿಮಿರುವಿಕೆ ಮತ್ತು ಶುಷ್ಕತೆ

ಇಷ್ಟೆಲ್ಲ ನೋಡಿದ ಮೇಲೂ ನಿಮಿರುವಿಕೆ ಸಾಲದಿದ್ದರೆ ಸಿಲ್ಡೆನಾಫಿಲ್, ಟಡಲಾಫಿಲ್ ಮಾತ್ರೆಗಳ ಸರದಿ. ಹಿಂದಿನ ಆರು ತಿಂಗಳೊಳಗೆ ಸ್ಟ್ರೋಕ್ ಆದವರನ್ನು ಇವುಗಳ ಮೂಲ ಪರೀಕ್ಷೆಗಳಿಂದ ಹೊರಗಿಟ್ಟಿದ್ದರು, ಹಾಗಾಗಿ ಡಾಕ್ಟರು ಸಾಮಾನ್ಯವಾಗಿ ಅಲ್ಲಿಯವರೆಗೆ ಕಾಯಲು ಹೇಳುತ್ತಾರೆ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರಿಗೆ, ಅಂದರೆ ನಾಲಿಗೆ ಕೆಳಗಿಡುವ ಮಾತ್ರೆ, ಐಸೊಸಾರ್ಬೈಡ್, ನೈಟ್ರೊಗ್ಲಿಸರಿನ್ ಸ್ಪ್ರೇ ಯಾವುದೇ ಇರಲಿ, ಇವು ಖಡಾಖಂಡಿತ ಬೇಡ. ನಿಕೊರಾಂಡಿಲ್ ಜೊತೆಗೂ ಬೇಡ. ಎರಡೂ ಸೇರಿದರೆ ಬಿಪಿ ಪಾತಾಳಕ್ಕಿಳಿಯುತ್ತದೆ. ಪ್ರಾಸ್ಟೇಟ್‌ಗೆ ಟಾಮ್ಸುಲೋಸಿನ್ ನುಂಗುವವರು ಹೇಳಿಯೇ ಬರೆಸಿಕೊಳ್ಳಬೇಕು. 65 ದಾಟಿದವರಿಗೆ ಸಿಲ್ಡೆನಾಫಿಲ್ ಸಾಮಾನ್ಯವಾಗಿ 25 ಮಿ.ಗ್ರಾಂನಿಂದ ಶುರು.

ಮಾತ್ರೆ ಕೆಲಸ ಮಾಡಲಿಲ್ಲ ಅನ್ನುವವರಲ್ಲಿ ಅನೇಕರು ತೆಗೆದುಕೊಂಡ ಕ್ರಮವೇ ತಪ್ಪಿರುತ್ತದೆ. ಸಿಲ್ಡೆನಾಫಿಲ್ ಅನ್ನು ಜಿಡ್ಡಿನ ಊಟದ ಮೇಲೆ ನುಂಗಿದರೆ ತಡವಾಗುತ್ತದೆ. ಸುಮಾರು ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಟಡಲಾಫಿಲ್ ಪ್ರಭಾವ 36 ಗಂಟೆಯವರೆಗೂ ಇರುವುದರಿಂದ ಬೇಗ ದಣಿಯುವವರಿಗೆ, ಗಡಿಯಾರ ನೋಡಲಾಗದವರಿಗೆ ಅನುಕೂಲ. ಎರಡಕ್ಕೂ ಸ್ಪರ್ಶ, ಉದ್ರೇಕ ಬೇಕೇ ಬೇಕು. ನುಂಗಿ ಟಿವಿ ನೋಡುತ್ತ ಕೂತರೆ ಏನೂ ಆಗುವುದಿಲ್ಲ. ಒಂದೆರಡು ಸಲಕ್ಕೆ ಕೈಬಿಡಬೇಡಿ. “ಶಕ್ತಿವರ್ಧಕ” ಎಂದು ಮಾರುವ ಪುಡಿ, ಗುಳಿಗೆಗಳನ್ನು ಮಾತ್ರ ಮುಟ್ಟಬೇಡಿ. ಗಿಡಮೂಲಿಕೆಯದೆಂದು ಮಾರಿದ್ದರಲ್ಲಿ ಇದೇ ಸಿಲ್ಡೆನಾಫಿಲ್ ಬೆರೆಸಿದ್ದು ಲೆಕ್ಕವಿಲ್ಲದಷ್ಟು ಸಲ ಪತ್ತೆಯಾಗಿದೆ, ಎಷ್ಟು ಬೆರೆಸಿದ್ದಾರೆ ದೇವರೇ ಬಲ್ಲ.

ನೈಟ್ರೇಟ್ ಬಿಡಲಾಗದವರಿಗೆ ಶಿಶ್ನಕ್ಕೆ ರಕ್ತ ಎಳೆದು ನಿಮಿರಿಸುವ ನಿರ್ವಾತ ಪಂಪ್ ಇದೆ. ಬುಡಕ್ಕೆ ಹಾಕುವ ಉಂಗುರವನ್ನು 30 ನಿಮಿಷದೊಳಗೆ ತೆಗೆಯಲೇಬೇಕು. ಒಂದೇ ಕೈಯಲ್ಲಿ ಅದನ್ನು ತೆಗೆಯುವುದು ಕಷ್ಟ, ಹಾಗಾಗಿ ಸಂಗಾತಿ ಮೊದಲು ಕಲಿತಿರಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಚರ್ಮ ಕಂದುಗಟ್ಟಬಹುದು, ಡಾಕ್ಟರನ್ನು ಕೇಳಿಯೇ ಬಳಸಿ.

ಹೆಂಗಸರ ತೊಂದರೆಯನ್ನು ಯಾರೂ ಕೇಳುವುದಿಲ್ಲ ಎಂಬುದೇ ಮೊದಲ ತೊಂದರೆ. ಒದ್ದೆಯಾಗುವುದು ತಡವಾಗುತ್ತದೆ, ಮುಟ್ಟು ನಿಂತವರಲ್ಲಿ ಇನ್ನೂ ಹೆಚ್ಚು. ನೀರಿನಾಧಾರಿತ ಜೆಲ್ ಧಾರಾಳವಾಗಿ ಬಳಸಿ, ಒಣಗಿದಂತೆ ಮತ್ತೆ ಹಚ್ಚಿ. ಎಣ್ಣೆ, ವ್ಯಾಸಲೀನ್ ಬೇಡ, ಲೇಟೆಕ್ಸ್ ಕಾಂಡೋಮ್ ಅದರಿಂದ ಹರಿಯುತ್ತದೆ. ಜೆಲ್ ಬಾಟಲಿ ಒತ್ತಿದರೆ ಬರುವಂಥದ್ದಾಗಿರಲಿ, ತಿರುಪು ಮುಚ್ಚಳ ಒಂಟಿ ಕೈಗೆ ಶತ್ರು. ಸ್ಪರ್ಶ ಮಂಕಾಗಿದ್ದರೆ ಅಥವಾ ಬೆರಳಿಗೆ ಬಲವಿಲ್ಲದಿದ್ದರೆ ದಪ್ಪ ಹಿಡಿಯ ವೈಬ್ರೇಟರ್ ನೆರವಾಗುತ್ತದೆ. ಮರಗಟ್ಟಿದ ಜಾಗದಲ್ಲಿ ಒಂದೇ ಕಡೆ ಬಹಳ ಹೊತ್ತು ಒತ್ತಿಡಬೇಡಿ. ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ರಕ್ತಕ್ಕೆ ಸೇರುವುದು ಅತ್ಯಲ್ಪ, ಆದರೂ ಸ್ಟ್ರೋಕ್ ಆದವರು ಕೇಳದೆ ಬಳಸಬಾರದು.

ಮಗು ಬೇಡದವರು ಗಮನಿಸಿ: ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ, ಸ್ಟ್ರೋಕ್ ಆದವರಿಗೆ ಅದು ನಿಷಿದ್ಧ. ಕಾಂಡೋಮ್, ಕಾಪರ್ ಟಿ ಇವೆ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಕಾಪರ್ ಟಿಯಿಂದ ಮುಟ್ಟಿನ ಸ್ರಾವ ಜಾಸ್ತಿಯಾಗಬಹುದು. ಫೆನಿಟಾಯಿನ್, ಕಾರ್ಬಮಜೆಪೀನ್ ಹಾರ್ಮೋನ್ ಗುಳಿಗೆಗಳ ಬಲವನ್ನೇ ಕುಗ್ಗಿಸುತ್ತವೆ. ಮಗು ಬೇಕೆನ್ನುವವರು ಗರ್ಭ ನಿಲ್ಲುವ ಮೊದಲೇ ಡಾಕ್ಟರನ್ನು ಕಾಣಿ, ವಾರ್ಫರಿನ್ ಮತ್ತು ಕೆಲವು ಬಿಪಿ ಮಾತ್ರೆಗಳು ಭ್ರೂಣಕ್ಕೆ ಹಾನಿ.

ಮೂತ್ರ, ಕ್ಯಾತಿಟರ್

ಎರಡು ಗಂಟೆ ಮುಂಚಿನಿಂದ ನೀರು ಕಡಿಮೆ ಕುಡಿದು (ದಿನವಿಡೀ ಅಲ್ಲ), ಶುರುವಿಗೆ ಮೊದಲು ಮೂತ್ರ ಮಾಡಿ, ಟವೆಲ್ ಹಾಸಿದರೆ ಬಹುತೇಕ ಸಮಸ್ಯೆ ಅಷ್ಟಕ್ಕೇ ಮುಗಿಯುತ್ತದೆ. ಕ್ಯಾತಿಟರ್ (ಮೂತ್ರ ಹೊರಹರಿಯಲು ಹಾಕಿದ ಕೊಳವೆ) ಇದ್ದರೂ ಕೂಡಬಹುದು. ಚೀಲ ಖಾಲಿ ಮಾಡಿ. ಹೆಂಗಸರು ಕೊಳವೆಯನ್ನು ಹೊಟ್ಟೆಗೋ ತೊಡೆಗೋ ಟೇಪಿನಿಂದ ಅಂಟಿಸಿ. ಗಂಡಸರು ನಿಮಿರಿದ ಮೇಲೆ ಕೊಳವೆಯನ್ನು ಶಿಶ್ನದ ಉದ್ದಕ್ಕೂ ಹಿಂದಕ್ಕೆ ಮಡಚಿ, ತುದಿಯ ಬಳಿ ಸ್ವಲ್ಪ ಸಡಿಲ ಬಿಟ್ಟು, ಮೇಲೆ ಕಾಂಡೋಮ್ ಹಾಕಿ ಜೆಲ್ ಹಚ್ಚಿ. ಸಡಿಲ ಬಿಡದಿದ್ದರೆ ಎಳೆದು ಒಳಗೆ ಗಾಯವಾಗುತ್ತದೆ. ಮುಗಿದ ಮೇಲೆ ಕೊಳವೆ ನೆಟ್ಟಗಿದೆಯೇ, ಮೂತ್ರ ಹರಿಯುತ್ತಿದೆಯೇ ನೋಡಿ.

ಹಗಲೆಲ್ಲ ಇದೇ ಕೊಳವೆ ತೊಳೆದು, ಸ್ನಾನ ಮಾಡಿಸಿದ ಕೈಯೇ ರಾತ್ರಿ ಪ್ರೀತಿಗೂ ಬರಬೇಕೆಂದರೆ ಮನಸ್ಸು ಒಗ್ಗುವುದಿಲ್ಲ. ಸಂಗಾತಿಯ ಆಸೆ ಬತ್ತಲು ಇದೂ ದೊಡ್ಡ ಕಾರಣ, ಅದರಲ್ಲಿ ತಪ್ಪೇನಿಲ್ಲ. ಸಾಧ್ಯವಾದರೆ ವಾರದಲ್ಲಿ ಕೆಲವು ದಿನ ಮೈ ತೊಳೆಸುವ ಕೆಲಸ ಬೇರೆಯವರಿಗೆ ವಹಿಸಿ. ಆಗದಿದ್ದರೆ ಆರೈಕೆಗೂ ಏಕಾಂತಕ್ಕೂ ನಡುವೆ ಗಂಟೆಯಷ್ಟಾದರೂ ಬಿಡುವಿರಲಿ, ಸಂಗಾತಿ ಆ ಕೆಲಸದ ಬಟ್ಟೆ ಬದಲಿಸಿ ಬರಲಿ.

ತಕ್ಷಣ ನಿಲ್ಲಿಸಬೇಕಾದದ್ದು

ಹಿಂದೆಂದೂ ಕಾಣದಂಥ ತಲೆನೋವು ಸಿಡಿಲಿನಂತೆ ಬಡಿದರೆ, ಬಾಯಿ ವಾರೆಯಾದರೆ, ಕೈಯೋ ಕಾಲೋ ಹೊಸದಾಗಿ ಬಲ ಕಳೆದುಕೊಂಡರೆ, ಮಾತು ತೊದಲಿದರೆ, ನೋಟ ಹೋದರೆ, ಎದೆ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ ಆಂಬುಲೆನ್ಸ್ ಕರೆಯಿರಿ, ಶುರುವಾದ ಹೊತ್ತು ಗುರುತಿಟ್ಟುಕೊಳ್ಳಿ. ಪರಾಕಾಷ್ಠೆಯ ಹೊತ್ತಿಗೆ ಬರುವ ತಲೆನೋವು ಅನೇಕ ಸಲ ನಿರಪಾಯಕಾರಿ; ಆದರೆ ಮೊದಲ ಸಲ ಬಂದಾಗ ಸ್ಕ್ಯಾನ್ ಮಾಡಿಸದೆ ಹಾಗೆಂದು ತೀರ್ಮಾನಿಸುವಂತಿಲ್ಲ. ನಿಮಿರುವಿಕೆ ನಾಲ್ಕು ಗಂಟೆ ದಾಟಿದರೂ ಆಸ್ಪತ್ರೆಗೆ ಹೋಗಲೇಬೇಕು.

ಎದೆನೋವೆಂದು ಹೋದವರಿಗೆ ಅಲ್ಲಿ ಮೊದಲು ಕೊಡುವ ಮದ್ದುಗಳಲ್ಲಿ ನೈಟ್ರೇಟ್ ಒಂದು. ಸಿಲ್ಡೆನಾಫಿಲ್ ನುಂಗಿ 24 ಗಂಟೆ, ಟಡಲಾಫಿಲ್ ನುಂಗಿ 48 ಗಂಟೆ ಆಗುವವರೆಗೆ ಅದನ್ನು ಕೊಡುವಂತಿಲ್ಲ. ರೋಗಿಗೆ ಮಾತಾಡಲು ಆಗದಿರಬಹುದು. ಹಾಗಾಗಿ ಮಾತ್ರೆಯ ಹೆಸರು ಮತ್ತು ನುಂಗಿದ ಗಂಟೆಯನ್ನು ಸಂಗಾತಿಯೇ, ಸುತ್ತ ಯಾರೇ ನಿಂತಿರಲಿ, ಡಾಕ್ಟರು ಕೇಳುವ ಮೊದಲೇ ಹೇಳಬೇಕು.